ಕುಟುಂಬ ಸಮೇತ ಶ್ರೀಶೈಲ ಯಾತ್ರೆ: ಗಿರಿ, ವನ, ನದಿಗಳೂ ಕ್ಷೇತ್ರವೇ



ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರು ಶ್ರೀಶೈಲಕ್ಕೆ ಹೋಗಿ ಬಂದುದನ್ನು ‘ಪರ್ವತಕ್ಕೆ ಹೋಗಿ ಬಂದೆವು’ ಎಂದೇ ಹೇಳುತ್ತಾರೆ. ಅಲ್ಲಿಯ ದೇವರು ಅವರಿಗೆ ‘ಪರ್ವತ ಮಲ್ಲಯ್ಯ’. ಮಕ್ಕಳಿಗೆ ಪರ್ವತಯ್ಯ, ಪರ್ವತಗೌಡ, ಪರ್ವತಮ್ಮ ಎಂದು ಹೆಸರಿಡುವ ರೂಢಿಯೂ ಇಲ್ಲಿಂದಲೇ ಬಂದದ್ದು. ‘ಗುಡಿಗೆ ಹೋಗಿದ್ದೆವು’ ಎನ್ನದೆ ‘ಪರ್ವತಕ್ಕೆ ಹೋಗಿದ್ದೆವು’ ಎನ್ನುವ ಈ ಮಾತಿನಲ್ಲಿ ನಮ್ಮ ಹಿರಿಯರ ಒಂದು ತಿಳಿವಳಿಕೆ ಅಡಗಿದೆ. ಅವರ ಪಾಲಿಗೆ ಕ್ಷೇತ್ರವೆಂದರೆ ಗರ್ಭಗುಡಿಯಷ್ಟೇ ಆಗಿರಲಿಲ್ಲ. ಹತ್ತುವ ಬೆಟ್ಟ, ದಾಟುವ ಅಡವಿ, ಇಳಿಯುವ ಹೊಳೆ, ದಾರಿಯಲ್ಲಿ ಅನ್ನ ನೀಡುವ ಮನೆ ಎಲ್ಲವೂ ಕ್ಷೇತ್ರವಾಗಿದ್ದವು.

ಇಂದು ರಸ್ತೆ, ವಾಹನ, ವಸತಿಗಳ ಅನುಕೂಲ ಹೆಚ್ಚಿದೆ. ರಜೆ ಬಂದೊಡನೆ ಕುಟುಂಬ ಸಮೇತರಾಗಿ ಹೊರಡುವವರೂ ಹೆಚ್ಚಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಬಹಳಷ್ಟು ಯಾತ್ರೆಗಳು ಅವಸರದ ಓಟವಾಗಿಬಿಟ್ಟಿವೆ. ಮಧ್ಯಾಹ್ನ ಶ್ರೀಶೈಲ, ಮರುದಿನ ಮಹಾನಂದಿ, ಅದೇ ಸಂಜೆ ಅಹೋಬಲ, ಬರುವ ದಾರಿಯಲ್ಲಿ ಮಂತ್ರಾಲಯ ಎಂಬ ಪಟ್ಟಿ ಹಿಡಿದು ಹೊರಟವರು ಊರಿಗೆ ಮರಳಿದಾಗ ದಣಿವಲ್ಲದೆ ಬೇರೇನೂ ಉಳಿದಿರುವುದಿಲ್ಲ. ‘ಒಮ್ಮೆ ಮಲ್ಲಯ್ಯನ ಬೆಟ್ಟ ಕಾಣಬೇಕು’ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ಅಜ್ಜಿ ವಾಹನದಲ್ಲಿಯೇ ಕುಳಿತು ಕಾಯುತ್ತಾರೆ. ಮಕ್ಕಳಿಗೆ ಸಾಲಿನಲ್ಲಿ ನಿಂತದ್ದು ಮಾತ್ರ ನೆನಪಿರುತ್ತದೆ. ಹೀಗಾಗದಂತೆ ಯಾತ್ರೆಯನ್ನು ಹೇಗೆ ಮಾಡಬೇಕು, ಅಲ್ಲಿ ಏನನ್ನು ಕಾಣಬೇಕು, ಏನನ್ನು ಮನೆಗೆ ತರಬೇಕು ಎಂಬುದನ್ನು ಶ್ರೀಶೈಲದ ನಿದರ್ಶನದಿಂದ ವಿಚಾರ ಮಾಡೋಣ.

ಇಷ್ಟಲಿಂಗಧಾರಿಗೆ ಯಾತ್ರೆ ಏಕೆ?

ಅಂಗೈಯಲ್ಲಿ ಇಷ್ಟಲಿಂಗವಿರುವಾಗ ದೂರದ ಕ್ಷೇತ್ರಕ್ಕೆ ಹೋಗುವುದೇಕೆ ಎಂಬ ಪ್ರಶ್ನೆಯನ್ನು ನಮ್ಮ ಮನೆಗಳ ಯುವಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಬಸವಾದಿ ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮಿಗಿಲೆಂದು ಸಾರಿದರು. ನೀರು ಕಂಡಲ್ಲಿ ಮುಳುಗಿದರೆ ಪಾಪ ಕಳೆಯುತ್ತದೆ, ಊರೂರು ತಿರುಗಿದರೆ ಪುಣ್ಯ ಕೂಡುತ್ತದೆ ಎಂಬ ನಂಬಿಕೆಯನ್ನು ಅವರು ನೇರವಾಗಿ ಪ್ರಶ್ನಿಸಿದರು. ಆಚಾರವಿಲ್ಲದ ಯಾತ್ರೆ ಕಾಲಿಗೆ ಕೊಟ್ಟ ದಣಿವು ಮಾತ್ರ ಎಂಬುದು ಅವರ ನಿಲುವಾಗಿತ್ತು.

ಆದರೂ ಅಲ್ಲಮಪ್ರಭುದೇವರು ಶ್ರೀಶೈಲದತ್ತ ನಡೆದರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲಕ್ಕೂ ಹೋದಳು. ಇಬ್ಬರೂ ಅಲ್ಲಿಯ ಕದಳಿವನದಲ್ಲಿ ಬಯಲಾದರೆಂದು ಪರಂಪರೆ ಹೇಳುತ್ತದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಬಾಲಕರಾಗಿದ್ದಾಗಲೇ ಮಲ್ಲಯ್ಯನನ್ನು ಅರಸಿ ಅಲ್ಲಿಗೆ ಹೋದರು. ಬಸವಣ್ಣನವರು ಕೂಡ ಕೊನೆಗೆ ಮರಳಿದ್ದು ಎರಡು ನದಿಗಳು ಕೂಡುವ ಕೂಡಲಸಂಗಮಕ್ಕೆ. ಅವರು ಪುಣ್ಯವನ್ನು ಗಳಿಸಲೆಂದು ಹೋದವರಲ್ಲ. ಸದ್ದಡಗಿದ ತಾಣದಲ್ಲಿ ತಮ್ಮ ಅರಿವನ್ನು ನೆಲೆಗೊಳಿಸಲು ಹೋದವರು. ಲಿಂಗವಂತನ ಯಾತ್ರೆಗೆ ಇದೇ ಆಧಾರ. ಅಲ್ಲಿ ಹೊಸದಾಗಿ ದೇವರನ್ನು ಪಡೆಯಬೇಕಾಗಿಲ್ಲ. ಅಂಗೈಯಲ್ಲಿರುವ ಲಿಂಗವನ್ನು ನಿರಾತಂಕವಾಗಿ ನೋಡಲು ಬೇಕಾದ ಬಿಡುವನ್ನು ಆ ಗಿರಿ ಕೊಡುತ್ತದೆ.

ಹೆಸರಿನಲ್ಲಿಯೇ ಇರುವ ಗಿರಿ

‘ಶೈಲ’ ಎಂದರೆ ಬೆಟ್ಟ. ಶ್ರೀಶೈಲ, ಶ್ರೀಗಿರಿ, ಶ್ರೀಪರ್ವತ ಎಂಬ ಹೆಸರುಗಳೆಲ್ಲ ದೇವಾಲಯವನ್ನು ಹೇಳುವುದಿಲ್ಲ, ಬೆಟ್ಟವನ್ನೇ ಹೇಳುತ್ತವೆ. ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿ, ಕೃಷ್ಣಾ ನದಿಯ ಬಲದಂಡೆಯ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿ ಈ ಕ್ಷೇತ್ರವಿದೆ. ಸುತ್ತಲೂ ಹಬ್ಬಿರುವುದು ನಲ್ಲಮಲ ಬೆಟ್ಟಸಾಲು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನೂ, ಹದಿನೆಂಟು ಶಕ್ತಿಪೀಠಗಳಲ್ಲಿ ಒಂದೆಂದು ಎಣಿಸಲಾಗುವ ಭ್ರಮರಾಂಬೆಯೂ ಒಂದೇ ಆವರಣದಲ್ಲಿರುವುದು ಈ ಕ್ಷೇತ್ರದ ವಿಶೇಷ.

ಈ ಅಡವಿ ಸಾಮಾನ್ಯವಾದುದಲ್ಲ. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶವು ದೇಶದ ಅತಿ ವಿಸ್ತಾರವಾದ ಹುಲಿ ನೆಲೆಗಳಲ್ಲಿ ಒಂದು. ನದಿಯ ಆಚೆಯ ದಂಡೆಯಲ್ಲಿ ತೆಲಂಗಾಣದ ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶವಿದೆ. ಹುಲಿ, ಚಿರತೆ, ಕರಡಿ, ಕಡವೆ, ಚುಕ್ಕೆ ಜಿಂಕೆಗಳು ಇಲ್ಲಿ ಬದುಕಿವೆ. ಈ ಕಾರಣದಿಂದಲೇ ಅರಣ್ಯ ಇಲಾಖೆಯು ಕಾಡಿನ ರಸ್ತೆಗಳಲ್ಲಿ ರಾತ್ರಿ 9 ರಿಂದ ಬೆಳಗಿನ 6 ಗಂಟೆಯವರೆಗೆ ವಾಹನಗಳನ್ನು ಬಿಡುವುದಿಲ್ಲ. ಇದನ್ನು ಅಡಚಣೆಯೆಂದು ಗೊಣಗುವವರುಂಟು. ರಾತ್ರಿ ಅಡವಿಯ ಜೀವಿಗಳ ಹೊತ್ತು, ಆ ಹೊತ್ತಿನಲ್ಲಿ ನಾವು ಅವುಗಳ ಮನೆಯಂಗಳದಲ್ಲಿ ಗದ್ದಲ ಮಾಡಬಾರದು ಎಂದು ಮಕ್ಕಳಿಗೆ ತಿಳಿಸಿದರೆ, ದಯೆಯೇ ಧರ್ಮದ ಮೂಲವೆಂಬ ಪಾಠ ದಾರಿಯಲ್ಲಿಯೇ ಆರಂಭವಾಗುತ್ತದೆ.

ಈ ಕಾಡಿನ ಮೂಲನಿವಾಸಿಗಳು ಚೆಂಚು ಜನ. ಜೇನು, ಗೋಂದು, ಗೆಡ್ಡೆಗೆಣಸುಗಳನ್ನು ಸಂಗ್ರಹಿಸಿ ಬಾಳಿದವರು. ಅವರ ಐತಿಹ್ಯದಂತೆ ಮಲ್ಲಿಕಾರ್ಜುನನು ಬೇಟೆಗಾರನಾಗಿ ಬಂದು ಚೆಂಚು ಕನ್ಯೆಯನ್ನು ವರಿಸಿದನು. ಅದಕ್ಕಾಗಿ ಅವರು ಆತನನ್ನು ‘ಚೆಂಚು ಮಲ್ಲಯ್ಯ’ ಎನ್ನುತ್ತಾರೆ, ತಮ್ಮ ನೆಂಟನೆಂದು ಭಾವಿಸುತ್ತಾರೆ. ಉತ್ತರ ಕರ್ನಾಟಕದ ಭಕ್ತರೂ ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು ಭಾವಿಸಿ, ಯುಗಾದಿಗೆ ಸೀರೆ, ಕುಪ್ಪಸ, ಅರಿಷಿಣ, ಕುಂಕುಮಗಳನ್ನು ತವರಿನ ಉಡುಗೊರೆಯಾಗಿ ಒಯ್ಯುತ್ತಾರೆ. ಅಡವಿಯವರೂ ಊರಿನವರೂ ಒಂದೇ ದೇವರೊಡನೆ ನಂಟಸ್ತಿಕೆ ಹೇಳುವ ಈ ಬೆಟ್ಟದಲ್ಲಿ ಮೇಲುಕೀಳಿನ ಮಾತಿಗೆ ಎಡೆಯೆಲ್ಲಿದೆ?

ಪಾತಾಳಗಂಗೆಯಲ್ಲಿ ನಮ್ಮೂರ ನೀರು

ದೇವಾಲಯದ ಬಳಿಯಿಂದ ಸುಮಾರು 500 ಮೆಟ್ಟಿಲುಗಳನ್ನು ಇಳಿದರೆ ಕೃಷ್ಣೆ ಸಿಗುತ್ತಾಳೆ. ಇಲ್ಲಿ ಆಕೆಗೆ ಪಾತಾಳಗಂಗೆ ಎಂದು ಹೆಸರು. ಎರಡು ಬದಿಯ ಕಡಿದಾದ ಬೆಟ್ಟಗಳ ನಡುವೆ ಅಷ್ಟು ಆಳದಲ್ಲಿ ಹರಿಯುವುದನ್ನು ನೋಡಿದರೆ ಆ ಹೆಸರು ತಾನೇ ಅರ್ಥವಾಗುತ್ತದೆ. ಮೆಟ್ಟಿಲಿಳಿಯಲಾಗದ ಹಿರಿಯರಿಗಾಗಿ ರೋಪ್‌ವೇ ವ್ಯವಸ್ಥೆ ಇದೆ.

ಬಹಳ ಜನ ಇಲ್ಲಿ ಒಂದು ಮುಳುಗು ಹಾಕಿ ಹೊರಡುತ್ತಾರೆ. ಆದರೆ ಶರಣರ ಭಕ್ತರು ಇಲ್ಲಿ ಕುಳಿತು ನೆನೆಯಬೇಕಾದ ಒಂದು ಸಂಗತಿ ಇದೆ. ಈ ನೀರು ಬರುವುದೆಲ್ಲಿಂದ?

ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣನವರ ಐಕ್ಯಸ್ಥಳವಾದ ಆ ಸಂಗಮವನ್ನು ಬಳಸಿ, ನಾರಾಯಣಪುರದ ಜಲಾಶಯವನ್ನು ದಾಟಿ ಕೃಷ್ಣೆ ಪೂರ್ವಕ್ಕೆ ಹರಿಯುತ್ತಾಳೆ. ಸಿದ್ಧರಾಮರ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ, ಭೀಮಾ ಮತ್ತು ಸೀನಾ ನದಿಗಳ ಸೀಮೆ. ಸೀನಾ ಭೀಮೆಯನ್ನು ಸೇರುತ್ತದೆ. ಭೀಮೆಯು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಕ್ಕನ ಉಡುತಡಿಯೂ ಅಲ್ಲಮರ ಬಳ್ಳಿಗಾವೆಯೂ ಇರುವ ಶಿಕಾರಿಪುರ ತಾಲ್ಲೂಕಿನ ನೀರು ಕುಮುದ್ವತಿ ಮೊದಲಾದ ಹೊಳೆಗಳ ಮೂಲಕ ತುಂಗಭದ್ರೆಗೆ ಸೇರಿ, ಹಂಪಿಯನ್ನು ದಾಟಿ, ಕರ್ನೂಲಿನ ಆಚೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಹೀಗೆ ಸಂಗಮದ ನೀರು, ಸೊನ್ನಲಿಗೆಯ ನೀರು, ಉಡುತಡಿಯ ನೀರು ಬೇರೆ ಬೇರೆ ದಾರಿ ಹಿಡಿದು ಬಂದು ಪಾತಾಳಗಂಗೆಯಲ್ಲಿ ಒಂದೇ ಆಗಿ ಹರಿಯುತ್ತವೆ. ಬೇರೆ ಬೇರೆ ಊರು, ಕುಲ, ಕಾಯಕಗಳಿಂದ ಬಂದ ಶರಣರು ಒಂದಾದುದಕ್ಕೆ ಈ ನೆಲವೇ ಸಾಕ್ಷಿ ನುಡಿಯುವಂತಿದೆ. ಹೊರಡುವ ಮುನ್ನ ಮನೆಯಲ್ಲಿ ಒಂದು ಭೂಪಟ ಹರಡಿ, ಮಕ್ಕಳ ಬೆರಳಿನಿಂದಲೇ ಈ ನದಿಗಳ ದಾರಿಯನ್ನು ಗುರುತಿಸಿದರೆ ಯಾತ್ರೆಯ ಅರ್ಧ ಫಲ ಮನೆಯಲ್ಲಿಯೇ ದೊರೆಯುತ್ತದೆ.

ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಬೇಕು. ಸ್ವಲ್ಪ ದೂರದಲ್ಲಿಯೇ ಶ್ರೀಶೈಲದ ಅಣೆಕಟ್ಟು ಇದೆ. ಮಳೆಗಾಲದ ಕೊನೆಯಲ್ಲಿ ಅದರ 12 ಗೇಟುಗಳಿಂದ ನೀರು ಧುಮುಕುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಆ ನೀರಿನಿಂದ ಹೊಲಗಳು ಹಸಿರಾಗಿವೆ, ಮನೆಗಳು ಬೆಳಗಿವೆ. ಅದೇ ಜಲಾಶಯಕ್ಕಾಗಿ ನೂರಕ್ಕೂ ಹೆಚ್ಚು ಹಳ್ಳಿಗಳ ಜನ ಮನೆ, ಹೊಲ ಬಿಟ್ಟು ಎದ್ದರು. ಕೃಷ್ಣಾ–ತುಂಗಭದ್ರೆಗಳ ಸಂಗಮದಲ್ಲಿದ್ದ ಸಂಗಮೇಶ್ವರ ದೇವಾಲಯವೂ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದಾಗ ಮಾತ್ರ ಅದು ಮೇಲೆ ಕಾಣುತ್ತದೆ. ಅಣೆಕಟ್ಟಿನ ಸೊಬಗನ್ನು ನೋಡುವಾಗ ಆ ಮನೆಗಳನ್ನೂ ಒಂದು ಕ್ಷಣ ನೆನೆಯುವುದು ಭಕ್ತನ ಲಕ್ಷಣ.

ಅಕ್ಕನ ಗವಿ ಮತ್ತು ಕದಳಿವನ

ಪಾತಾಳಗಂಗೆಯಿಂದ ದೋಣಿಯಲ್ಲಿ ಬೆಟ್ಟಗಳ ನಡುವೆ ಸಾಗಿದರೆ ಅಕ್ಕಮಹಾದೇವಿಯ ಗವಿ ಸಿಗುತ್ತದೆ. ದಂಡೆಯಲ್ಲಿ ಇಳಿದು ತುಸು ಏರಿದೊಡನೆ ಕಾಣುವುದು ಕಂಬವಿಲ್ಲದೆ ನಿಂತ ಬೃಹತ್ತಾದ ಕಲ್ಲಿನ ಚಪ್ಪರ. ಯಾವ ಶಿಲ್ಪಿಯೂ ಕಡೆದುದಲ್ಲ, ಗಾಳಿ ಮಳೆಗಳೇ ಕಾಲಾಂತರದಲ್ಲಿ ಕೊರೆದದ್ದು. ಅದರ ಒಳಗಿನ ಗವಿಯಲ್ಲಿ ದಾರಿ ಮುಂದೆ ಹೋದಂತೆ ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಒಬ್ಬೊಬ್ಬರಾಗಿ, ಬಾಗಿ ನಡೆಯಬೇಕು. ಕೊನೆಯಲ್ಲಿ ಒಂದು ಲಿಂಗವಿದೆ. ಅಕ್ಕ ಇಲ್ಲಿ ತಪಗೈದಳೆಂದು ಪರಂಪರೆ ನಂಬುತ್ತದೆ. ಉಸಿರಾಟದ ತೊಂದರೆ ಇರುವವರು ಒಳಗೆ ಹೋಗದೆ ಹೊರಗಿನ ಕಲ್ಲಿನ ಚಪ್ಪರದಡಿ ಕುಳಿತು ಧ್ಯಾನಿಸಬಹುದು. ಒಳಗೆ ಹೋದವರಿಗಿಂತ ಅವರಿಗೆ ದೊರೆಯುವುದು ಕಡಿಮೆಯಲ್ಲ.

ಕದಳಿವನ ಇನ್ನೂ ಮುಂದಿದೆ. ದೋಣಿಯಲ್ಲಿ ಬಹಳ ದೂರ ಹೋಗಿ, ಅನಂತರ ಕಾಡಿನ ಕಡಿದಾದ ದಾರಿಯನ್ನು ಕಾಲ್ನಡಿಗೆಯಲ್ಲಿ ಏರಬೇಕು. ಚಿಕ್ಕ ಮಕ್ಕಳು, ವೃದ್ಧರು ಇರುವ ಕುಟುಂಬಗಳಿಗೆ ಅದು ತಕ್ಕುದಲ್ಲ. ಗಟ್ಟಿಮುಟ್ಟಾದವರು ಅನುಮತಿ ಪಡೆದು, ದಾರಿ ಬಲ್ಲವರೊಡನೆ ಮಾತ್ರ ಹೋಗಬೇಕು. ಅಲ್ಲಿಗೆ ಹೋಗಲಾಗಲಿಲ್ಲವೆಂದು ಕೊರಗಬೇಕಾಗಿಲ್ಲ. ಶರಣರ ಮಾತಿನಲ್ಲಿ ಕದಳಿಯೆಂಬುದು ಹೊರಗಿನ ಬಾಳೆಯ ತೋಪಷ್ಟೇ ಅಲ್ಲ. ತನುವನ್ನೂ ಮನವನ್ನೂ ವಿಷಯಗಳನ್ನೂ ಅವರು ಕದಳಿಯೆಂದು ಕಂಡರು. ಆ ಕದಳಿಯನ್ನು ಗೆಲ್ಲುವ ದಾರಿ ಮನೆಯಲ್ಲಿಯೂ ತೆರೆದೇ ಇದೆ.

ಹನ್ನೆರಡನೆಯ ಶತಮಾನದಲ್ಲಿ ಒಬ್ಬ ತರುಣಿ ಅರಮನೆಯ ಬಾಳನ್ನು ತೊರೆದು, ಒಬ್ಬಂಟಿಯಾಗಿ ಈ ಅಡವಿಗೆ ನಡೆದು ಬಂದಳು ಎಂಬುದನ್ನು ದೋಣಿಯಲ್ಲಿ ಕುಳಿತಾಗ ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕು. ಗಿಡ, ಹಕ್ಕಿ, ದುಂಬಿಗಳನ್ನು ಒಡನಾಡಿಗಳೆಂದು ಬಗೆದು ಮಾತನಾಡಿಸಿದ ಅಕ್ಕನ ಧೈರ್ಯ, ಆ ನೀರು ಆ ಬೆಟ್ಟಗಳ ನಡುವೆ ಅರಿವಾದಷ್ಟು ಪುಸ್ತಕದಲ್ಲಿ ಅರಿವಾಗುವುದು ಕಷ್ಟ.

ದೇವಾಲಯದಲ್ಲಿ

ಶ್ರೀಶೈಲದಲ್ಲಿ ಭಕ್ತರು ತಾವೇ ಮಲ್ಲಿಕಾರ್ಜುನ ಲಿಂಗವನ್ನು ಮುಟ್ಟಿ ನಮಸ್ಕರಿಸುವ ಸ್ಪರ್ಶದರ್ಶನದ ಪದ್ಧತಿ ಇದೆ. ನಡೆದು ಬಂದವರು ಮೈಯ ಧೂಳಿನೊಡನೆಯೇ ಹೋಗಿ ಮುಟ್ಟುತ್ತಿದ್ದುದರಿಂದ ಅದಕ್ಕೆ ‘ಧೂಳಿ ದರ್ಶನ’ವೆಂಬ ಹಳೆಯ ಹೆಸರುಂಟು. ಶಿವರಾತ್ರಿ, ಯುಗಾದಿಯಂಥ ಜನಸಂದಣಿಯ ದಿನಗಳಲ್ಲಿ ಇದನ್ನು ನಿಲ್ಲಿಸಿರುತ್ತಾರೆ. ಆದುದರಿಂದ ಹಿರಿಯರನ್ನು ಕರೆದೊಯ್ಯುವವರು ಸಾಮಾನ್ಯ ದಿನಗಳನ್ನು ಆರಿಸಿಕೊಂಡು, ಸಮಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಸ್ಪರ್ಶದರ್ಶನಕ್ಕೆ ಸಾಂಪ್ರದಾಯಿಕ ಉಡುಪು ಬೇಕು.

ದರ್ಶನ ಮುಗಿದೊಡನೆ ಹೊರಡದೆ ಪ್ರಾಕಾರದ ಗೋಡೆಯನ್ನು ಒಂದು ಸುತ್ತು ನೋಡಬೇಕು. ಆನೆ, ಕುದುರೆ, ಬೇಟೆ, ಶಿವಲೀಲೆ, ಶಿವಯೋಗಿಗಳ ಕೆತ್ತನೆಗಳು ಸಾಲುಸಾಲಾಗಿವೆ. ವಿಜಯನಗರದ ಅರಸರ ಸೇವೆ ಇಲ್ಲಿ ಬಹಳವಾಗಿ ನಡೆದಿದೆ. ಮಕ್ಕಳಿಗೆ ಆ ಗೋಡೆಯೇ ಚಿತ್ರಗಳ ಪುಸ್ತಕ.

ಯುಗಾದಿಯ ಸಮಯದಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಗಳಿಂದ ಕಂಬಿ ಹೊತ್ತು ನಡೆದು ಬರುವ ಭಕ್ತರನ್ನು ಕಾಣಬಹುದು. ಕೆಲವರು ಮರಗಾಲು ಕಟ್ಟಿಕೊಂಡು ಬರುತ್ತಾರೆ. ಆತ್ಮಕೂರಿನ ಆಚೆ ವೆಂಕಟಾಪುರದಿಂದ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮೂಲಕ ಕೈಲಾಸದ್ವಾರಕ್ಕೆ ಏರುವುದು ಅವರ ಪುರಾತನ ದಾರಿ. ಹಾದಿಯುದ್ದಕ್ಕೂ ಹಳ್ಳಿಯ ಜನ ರೊಟ್ಟಿ, ಅಂಬಲಿ, ನೀರು, ನೆರಳು ಕೊಟ್ಟು ದಾಸೋಹ ನಡೆಸುತ್ತಾರೆ. ವಾಹನದಲ್ಲಿ ಹೋಗುವವರು ಅಂಥ ದಾಸೋಹದಲ್ಲಿ ಒಂದು ಹೊತ್ತು ನಿಂತು ನೀರು ಬಡಿಸಿದರೂ ಸಾಕು. ಉಣ್ಣುವುದಕ್ಕಿಂತ ಬಡಿಸುವುದರಲ್ಲಿರುವ ಸಂತೋಷವನ್ನು ಮಕ್ಕಳು ಅರಿಯುತ್ತಾರೆ.

ಕುಟುಂಬ ಯಾತ್ರೆಯ ಕ್ರಮ

ಶ್ರೀಶೈಲವೊಂದಕ್ಕೇ ಎರಡು ರಾತ್ರಿಗಳನ್ನಾದರೂ ಮೀಸಲಿಡಬೇಕು. ಕರ್ನೂಲಿನಿಂದ ಆತ್ಮಕೂರು, ದೋರ್ನಾಲ ಮಾರ್ಗವಾಗಿ ಸುಮಾರು 180 ಕಿ.ಮೀ. ದೂರವಿದೆ. ಕತ್ತಲಾಗುವ ಮೊದಲೇ ಘಟ್ಟ ಏರುವಂತೆ ಹೊರಡಬೇಕು. ಆಗ ಅಡವಿಯನ್ನೂ ನೋಡಿದಂತಾಗುತ್ತದೆ, ಅಪಾಯವೂ ತಪ್ಪುತ್ತದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಬೇಸಿಗೆಯ ಬಿಸಿಲು ಹಿರಿಯರಿಗೂ ಮಕ್ಕಳಿಗೂ ಕಠಿಣ.

ದಾರಿಯಲ್ಲಿ ಶಿಖರೇಶ್ವರದಲ್ಲಿ ಇಳಿಯಬೇಕು. ಸುಮಾರು 2,830 ಅಡಿ ಎತ್ತರದ ಆ ನೆತ್ತಿಯ ಮೇಲೆ ನಂದಿಯ ಕೊಂಬುಗಳ ನಡುವಿನಿಂದ ದೇವಾಲಯದ ಶಿಖರವನ್ನು ನೋಡುವ ವಾಡಿಕೆ ಇದೆ. ಶಿಖರ ಕಂಡವರಿಗೆ ಮರುಜನ್ಮವಿಲ್ಲವೆಂದು ನಂಬುವವರು ನಂಬಲಿ. ಸುತ್ತಲಿನ ನಲ್ಲಮಲದ ಹಸಿರನ್ನು ಕಣ್ತುಂಬ ನೋಡಲು ಅದಕ್ಕಿಂತ ಒಳ್ಳೆಯ ತಾಣವಿಲ್ಲ. ಫಾಲಧಾರೆ–ಪಂಚಧಾರೆಯಲ್ಲಿ ಬಂಡೆಯ ಸಂದಿನಿಂದ ಜಿನುಗುವ ತಣ್ಣೀರು, ಹಾಟಕೇಶ್ವರ, ಸಾಕ್ಷಿಗಣಪತಿ ಇವೆಲ್ಲವೂ ಸಮೀಪದಲ್ಲಿಯೇ ಇವೆ.

ಅಕ್ಕನ ಗವಿಗೆ ಹೋಗುವ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು. ದೋಣಿ ಹೊರಡುವುದು ನೀರಿನ ಮಟ್ಟ ಮತ್ತು ಹವೆಯನ್ನು ಅವಲಂಬಿಸಿದೆ. ದೋಣಿಯಲ್ಲಿ ಜೀವರಕ್ಷಕ ಅಂಗಿಯನ್ನು ದೊಡ್ಡವರೂ ಧರಿಸಬೇಕು, ಮಕ್ಕಳಿಗೂ ಧರಿಸಬೇಕು. ಗವಿಗೆ ಒಂದು ಟಾರ್ಚ್ ಜೊತೆಯಲ್ಲಿರಲಿ. ಹಿರಿಯರ ಔಷಧಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಮನೆಯವರೆಲ್ಲರ ನಡಿಗೆ ಅತಿ ನಿಧಾನವಾಗಿ ನಡೆಯುವವರ ನಡಿಗೆಗೆ ಹೊಂದಿರಬೇಕು. ಕುಟುಂಬ ಯಾತ್ರೆಗೆ ಇದಕ್ಕಿಂತ ದೊಡ್ಡ ನಿಯಮವಿಲ್ಲ.

ದರ್ಶನದ ಅವಸರದಲ್ಲಿ ಇಷ್ಟಲಿಂಗ ಪೂಜೆಯನ್ನು ಬಿಡುವುದು ಇಂದು ಸಾಮಾನ್ಯವಾಗಿದೆ. ಮನೆಯಲ್ಲಿ ನಿತ್ಯ ಮಾಡುವ ಪೂಜೆಯನ್ನು ಕ್ಷೇತ್ರಕ್ಕೆ ಹೋಗಿ ಬಿಟ್ಟರೆ ಆ ಯಾತ್ರೆಗೆ ಅರ್ಥವೇನು? ಬೆಳಗಿನ ಜಾವ ವಸತಿಯಲ್ಲಿಯೇ ಮನೆಯವರೆಲ್ಲ ಒಟ್ಟಿಗೆ ಕುಳಿತು ಅಂಗೈಯ ಲಿಂಗವನ್ನು ಪೂಜಿಸಿ, ಕೆಲ ಹೊತ್ತು ಮೌನವಾಗಿದ್ದು ಅನಂತರ ಹೊರಡಬೇಕು. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಪೂಜೆ ಮಾಡಿಕೊಳ್ಳುವ ಮನೆಗಳಲ್ಲಿ ಮೂರು ತಲೆಮಾರು ಒಟ್ಟಿಗೆ ಕುಳಿತುಕೊಳ್ಳುವ ಅವಕಾಶ ಬೇರೆ ಎಂದು ಸಿಕ್ಕೀತು?

ಅಡವಿಯಲ್ಲಿ ನಾವು ಅತಿಥಿಗಳು. ಪ್ಲಾಸ್ಟಿಕ್ ಬಾಟಲಿ, ಚೀಲ, ತಿಂಡಿಯ ಕವರುಗಳನ್ನು ಎಸೆದರೆ ಜಿಂಕೆ ಕಡವೆಗಳು ಅವನ್ನು ತಿಂದು ಸಾಯುತ್ತವೆ. ಒಯ್ದದ್ದನ್ನೆಲ್ಲ ಮರಳಿ ತರಲು ವಾಹನದಲ್ಲಿ ಒಂದು ಚೀಲವಿರಲಿ. ಘಟ್ಟದ ರಸ್ತೆಯಲ್ಲಿ ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯುವುದನ್ನು ಪುಣ್ಯವೆಂದು ತಿಳಿದವರಿದ್ದಾರೆ. ಅದರ ಆಸೆಗೆ ಅವು ಮರ ಬಿಟ್ಟು ರಸ್ತೆಗೆ ಬರುತ್ತವೆ, ವಾಹನಗಳಿಗೆ ಸಿಕ್ಕು ಸಾಯುತ್ತವೆ. ಅದು ದಯೆಯಂತೆ ತೋರುವ ಹಿಂಸೆ. ಸ್ನಾನಘಟ್ಟದಲ್ಲಿ ಹಳೆಯ ಬಟ್ಟೆ ಬಿಡುವುದು, ಸಾಬೂನು ಬಳಸುವುದು ಕೂಡದು. ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಮನೆಗೆ ತರುವುದೇನು?

ರಾಘವಾಂಕ ಕವಿಯ ಸಿದ್ಧರಾಮ ಚರಿತ್ರೆಯಲ್ಲಿ ಬರುವ ಪ್ರಸಂಗ ಭಕ್ತರಿಗೆಲ್ಲ ಪರಿಚಿತ. ದನ ಕಾಯುತ್ತಿದ್ದ ಬಾಲಕ ಸಿದ್ಧರಾಮನ ಬಳಿಗೆ ಜಂಗಮ ರೂಪದಲ್ಲಿ ಮಲ್ಲಯ್ಯ ಬಂದನು. ಆತನ ಹಸಿವಿಗೆ ಅನ್ನ ತರಲು ಬಾಲಕ ಮನೆಗೆ ಓಡಿ ಮರಳುವಷ್ಟರಲ್ಲಿ ಆತ ಇರಲಿಲ್ಲ. ಮಲ್ಲಯ್ಯನ ಹೆಸರು ಹಿಡಿದು ಕೂಗುತ್ತ, ಅಳುತ್ತ ಬಾಲಕನು ಯಾತ್ರಿಕರ ಬೆನ್ನು ಹಿಡಿದು ಶ್ರೀಶೈಲಕ್ಕೆ ಹೋದನು. ಅಲ್ಲಿಯೂ ಕಾಣದಿದ್ದಾಗ ಕಮರಿಗೆ ಹಾರಲು ಸಿದ್ಧನಾದನು. ಆಗ ಮಲ್ಲಿಕಾರ್ಜುನನು ದರ್ಶನವಿತ್ತನು. ಆದರೆ ಅಲ್ಲಿಯೇ ಉಳಿಯೆನ್ನಲಿಲ್ಲ. ಊರಿಗೆ ಹಿಂದಿರುಗಿ ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡೆಂದು ಆಜ್ಞಾಪಿಸಿದನು.

ಸಿದ್ಧರಾಮರು ಮರಳಿ ಬಂದು ಮಾಡಿದ್ದೇನು? ಬರದ ಸೀಮೆಯಲ್ಲಿ ಕೆರೆ ತೋಡಿದರು. ಸಾವಿರಾರು ಜನರನ್ನು ಆ ಕಾಯಕದಲ್ಲಿ ತೊಡಗಿಸಿದರು. ಆ ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ನೀರು ತುಂಬಿ ನಿಂತಿದೆ. ಮುಂದೆ ಅಲ್ಲಮಪ್ರಭುಗಳು ಬಂದು, ಕೆರೆ ತೋಡಿದ ಹಮ್ಮನ್ನೂ ಕಳೆದುಕೊಳ್ಳಬೇಕೆಂದು ತಿಳಿಸಿ ಅವರನ್ನು ಕಲ್ಯಾಣಕ್ಕೆ ಕರೆದೊಯ್ದರು. ಯಾತ್ರೆಯ ಫಲ ಊರಿನ ಕಾಯಕವಾಗಬೇಕು, ಆ ಕಾಯಕವೂ ನಿರಹಂಕಾರದಿಂದ ನಡೆಯಬೇಕು ಎಂಬ ಎರಡು ಪಾಠಗಳು ಈ ಒಂದೇ ಚರಿತೆಯಲ್ಲಿವೆ.

ನಮ್ಮಿಂದ ಅಷ್ಟು ದೊಡ್ಡ ಕೆರೆ ಆಗಲಾರದು. ಆದರೆ ಶ್ರೀಶೈಲದಿಂದ ಬರುವಾಗ ವಿಭೂತಿ, ಪ್ರಸಾದಗಳ ಜೊತೆಗೆ ಒಂದು ಸಂಕಲ್ಪವನ್ನೂ ತರಬಹುದು. ಊರಿನ ಹಾಳುಬಿದ್ದ ಬಾವಿಯ ಹೂಳೆತ್ತುವುದು, ಮಠದ ಅಥವಾ ಶಾಲೆಯ ಅಂಗಳದಲ್ಲಿ ಹತ್ತು ಬಿಲ್ವ, ಬೇವಿನ ಗಿಡಗಳನ್ನು ನೆಟ್ಟು ಎರಡು ಬೇಸಿಗೆ ಕಾಯುವುದು, ಬಿಸಿಲಿನಲ್ಲಿ ಬರುವವರಿಗೆ ಅರವಟಿಗೆ ಇಡುವುದು, ಯಾತ್ರೆಯಲ್ಲಿ ಮೂಡಿದ ಸಾಮೂಹಿಕ ಪೂಜೆಯನ್ನು ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಮುಂದುವರಿಸುವುದು, ಇವುಗಳಲ್ಲಿ ಯಾವುದಾದರೊಂದನ್ನು ಹಿಂದಿರುಗುವ ದಾರಿಯಲ್ಲಿಯೇ ಮನೆಯವರೆಲ್ಲ ಕೂಡಿ ನಿಶ್ಚಯಿಸಲಿ. ಅದನ್ನು ಆರಿಸುವ ಹೊಣೆಯನ್ನು ಮಕ್ಕಳಿಗೇ ಕೊಡಲಿ.

ಈ ರಜೆಯಲ್ಲಿ ಹೊರಡುವ ಸದ್ಭಕ್ತರು ಪಟ್ಟಿಯಲ್ಲಿರುವ ಕ್ಷೇತ್ರಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಇರುವ ಒಂದರಲ್ಲಿ ನಿಧಾನವಾಗಿ ಇದ್ದು ಬರಲಿ. ಮನೆಯ ಅಜ್ಜ ಅಜ್ಜಿಯರ ಕಾಲು ಗಟ್ಟಿಯಿರುವಾಗಲೇ ಅವರ ಕೈ ಹಿಡಿದು ಪರ್ವತವನ್ನು ತೋರಿಸಲಿ. ಎಲ್ಲರ ಯಾತ್ರೆಯೂ ಸುಖಕರವಾಗಲಿ.